ನೀರಿನ ಹಿಂದೆ ನಡೆದು ನೋಡು

ಮಗಾ, ಯುಗಾದಿಗೆ ಊರಿಗೆ ಬಂದಾಗ ಮೊಬೈಲು ತೆಗೆದು ಒಂದು ಫೋಟೊ ತೋರಿಸಿದೆಯಲ್ಲ, ಅದು ಇನ್ನೂ ನನ್ನ ಕಣ್ಣಲ್ಲಿದೆ. ಆಫೀಸಿನವರೆಲ್ಲ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬೆಂಗಳೂರಿನ ಯಾವುದೋ ಕೆರೆ ದಂಡೆಯಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದೀರಿ. ನಿನ್ನ ಕೈಯಲ್ಲಿ ಮಣ್ಣು ಮೆತ್ತದ ಹೊಸ ಸಲಿಕೆ. "ಅಜ್ಜಾ, ಒಂದೇ ದಿನಕ್ಕೆ ಐನೂರು ಗಿಡ" ಅಂದೆ. "ಯಾವಾಗ ನೆಟ್ಟಿದ್ದು?" ಅಂತ ನಾನು ಕೇಳಿದೆ. "ಹೋದ ವಾರ" ಅಂದೆ. ನಾನು ಸುಮ್ಮನಾದೆ. ಹಬ್ಬದ ದಿನ, ಒಬ್ಬಟ್ಟು ಬಡಿಸಿದ ಎಲೆ ಮುಂದೆ ಕೂತ ಹುಡುಗನಿಗೆ ಏನಂತ ಹೇಳೋದು? ಈಗ ಹೇಳುತ್ತೇನೆ, ಕೇಳು.

ಯುಗಾದಿ ಹೊತ್ತಿಗೆ ನೆಟ್ಟ ಸಸಿಗೆ ಮುಂದಿರೋದು ಎರಡು ತಿಂಗಳ ಉರಿಬಿಸಿಲು. ಕಂಪನಿಯ ದುಡ್ಡಿನ ವರ್ಷ ಮಾರ್ಚಿಗೆ ಮುಗಿಯುತ್ತೆ, ಅಷ್ಟರೊಳಗೆ ಖರ್ಚು ತೋರಿಸಬೇಕು ಅಂತ ನೀನೇ ಹೇಳಿದೆ. ಗಿಡಕ್ಕೆ ಆ ಲೆಕ್ಕ ಗೊತ್ತಿಲ್ಲ. ಅದು ಕಾಯೋದು ರೋಹಿಣಿ, ಮೃಗಶಿರಾ, ಆರಿದ್ರೆ ಮಳೆಗೆ. ಏಪ್ರಿಲ್-ಮೇನಲ್ಲಿ ಬೆಂಗಳೂರಿಗೆ ಒಂದೆರಡು ಮಳೆ ಬೀಳುತ್ತೆ ಅಂತೀಯ. ಬೀಳಲಿ. ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಹದಿನೈದು ದಿನ ಬಂದರೆ ಯಾರು ಕೊಡ ಹೊರುತ್ತಾರೆ? ಟೀ ಶರ್ಟಿನವರಲ್ಲಿ ಎಷ್ಟು ಜನ ಮತ್ತೆ ಆ ದಂಡೆಗೆ ಹೋಗಿದ್ದಾರೆ? ನೀನು ಹೋಗಿದ್ದೀಯಾ?

ನಮ್ಮ ಹೊಲದ ಬದುವಿನ ಮೇಲೆ ಮೂರು ಹೊಂಗೆ ಮರ ನೋಡಿದ್ದೀಯಲ್ಲ. ನಾನು ನೆಟ್ಟಿದ್ದು ಹತ್ತು. ಬೇಸಿಗೆಯಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಟ್ಟಿದ್ದೆ. ಕೊಟ್ಟಿಗೆ ಗೊಬ್ಬರ ಹಾಕಿ, ಮೊದಲ ಹದಮಳೆ ಬಿದ್ದ ಮೇಲೆ ಸಸಿ ಇಟ್ಟೆ. ಸುತ್ತ ಜಾಲಿ ಮುಳ್ಳು ಕಟ್ಟಿದೆ. ಆದರೂ ಏಳು ಹೋದವು. ಮುಳ್ಳು ಸರಿದ ಕಡೆ ಮೇಕೆ ಬಾಯಿ ಹಾಕಿತು, ಎರಡಕ್ಕೆ ಗೆದ್ದಲು ಹಿಡಿಯಿತು, ಉಳಿದವು ಎರಡನೇ ಬೇಸಿಗೆ ದಾಟಲಿಲ್ಲ. ಬದುಕಿದ ಮೂರಕ್ಕೆ ನಿನ್ನ ಅಜ್ಜಿ ದಿನಾ ಸಂಜೆ ಪಾತ್ರೆ ತೊಳೆದ ನೀರು ಹೊತ್ತು ಹಾಕಿದಳು, ಎರಡು ವರ್ಷ, ಯಾರಿಗೂ ಹೇಳದೆ. ನೆಟ್ಟವನು ನಾನು ಅಂತ ಊರೆಲ್ಲ ಅಂದುಕೊಂಡಿದೆ. ಆ ಮರ ಅವಳದು.

ನಿಮ್ಮ ಊರಿನಲ್ಲೂ ಹೀಗೆ ಬೆಳೆಸಿದವರು ಇದ್ದರು. 1980ರ ದಶಕದಲ್ಲಿ ಎಸ್. ಜಿ. ನೇಗಿನಹಾಳ ಅನ್ನೋ ಅರಣ್ಯಾಧಿಕಾರಿ ಬೆಂಗಳೂರಲ್ಲಿ 15 ಲಕ್ಷ ಮರ ನೆಡಿಸಿದರು. ನೀನು ಬೈಕು ನಿಲ್ಲಿಸೋ ನೆರಳು ಅವರ ಕಾಲದ್ದೇ ಇರಬಹುದು. ಅವರ ಹೆಸರು ಕೇಳಿದ್ದೀಯಾ ಅಂತ ನಿನ್ನನ್ನ ಕೇಳಿದಾಗ ತಲೆ ಕೆರೆದುಕೊಂಡೆ. ತಪ್ಪೇನಿಲ್ಲ, ಈಗ ತಿಳಕೊ.

ಗಿಡದ ಮಾತು ಇಷ್ಟು ಸಾಕು. ನಾನು ಹೇಳಬೇಕಾದ್ದು ನೀರಿನ ಮಾತು. ನೀರಿನ ದಾರಿ ಸರಿ ಇದ್ದರೆ ಗಿಡ ತಾನೇ ಬರುತ್ತೆ, ಹಕ್ಕಿಯೂ ಬರುತ್ತೆ. ದಾರಿ ಕೆಟ್ಟರೆ ನೀನು ಐದು ಲಕ್ಷ ನೆಟ್ಟರೂ ಅಷ್ಟೇ.

ತಾಳ್ಯದಲ್ಲಿ ಬಸ್ಸು ಹತ್ತಿ ಹಿರಿಯೂರು, ಶಿರಾ, ತುಮಕೂರು ದಾಟಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೀಯಲ್ಲ, ಆ ಜಾಗ ಧರ್ಮಾಂಬುಧಿ ಕೆರೆ. ನೀನು ಬ್ಯಾಗು ಇಳಿಸೋದು ಕೆರೆ ಅಂಗಳದಲ್ಲಿ. ಮ್ಯಾಚ್ ನೋಡೋಕೆ ಕಂಠೀರವ ಕ್ರೀಡಾಂಗಣಕ್ಕೆ ಹೋಗುತ್ತೀಯ, ಅದು ಸಂಪಂಗಿ ಕೆರೆ. ಇದನ್ನ ಹೇಳಿ ನಿನ್ನ ಮನಸ್ಸು ಮುರಿಯೋ ಆಸೆ ನನಗಿಲ್ಲ. ಕೆರೆ ಮುಚ್ಚಿದರೂ ಮಳೆ ತನ್ನ ಹಳೇ ದಾರಿ ಮರೆಯೋದಿಲ್ಲ ಅನ್ನೋದು ನಿನಗೆ ಗೊತ್ತಿರಲಿ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕಾಗಿಲ್ಲ.

2022ರ ಸೆಪ್ಟೆಂಬರು ನೆನಪಿದೆಯಾ? ಹುಬ್ಬೆ ಮಳೆ. ಆಗ ನಮ್ಮ ಮಾರಿಕಣಿವೆ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ ಅದಕ್ಕೂ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ, ನನ್ನ ಅಪ್ಪ ಕಂಡಿದ್ದರು. 89 ವರ್ಷ ಆದ ಮೇಲೆ ನಾನು ಕಂಡೆ. ಓಣಿಯವರೆಲ್ಲ ಸೇರಿ ಟೆಂಪೊ ಮಾಡಿಕೊಂಡು ಹೋದೆವು. ಹೆಂಗಸರು ಅರಿಶಿನ, ಕುಂಕುಮ, ಹೂವು ತಂದಿದ್ದರು. ನೀರು ಕೋಡಿಯ ಮೇಲೆ ತೆಳ್ಳಗೆ, ಸೆರಗು ಹಾಸಿದ ಹಾಗೆ ಇಳಿಯುತ್ತಿತ್ತು. ನನ್ನ ಪಕ್ಕ ನಿಂತ ಮುದುಕರೊಬ್ಬರು ಕೈ ಮುಗಿದುಕೊಂಡೇ ಅಳುತ್ತಿದ್ದರು. ಮನೆಗೆ ಬಂದು ಮೊಬೈಲು ನೋಡಿದರೆ ಅದೇ ವಾರ ನೀನು ಕಳಿಸಿದ ವಿಡಿಯೊ. ಹೊರವರ್ತುಲ ರಸ್ತೆ ತುಂಬ ಕಂದು ನೀರು. ನೀನೂ ನಿನ್ನ ಸ್ನೇಹಿತರೂ ಲ್ಯಾಪ್‌ಟಾಪ್ ಚೀಲ ಎದೆಗೆ ಅವಚಿಕೊಂಡು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತು ಆಫೀಸಿಗೆ ಹೊರಟಿದ್ದೀರಿ.

ಎರಡೂ ಕಡೆ ಮಳೆಯೇ. ಇಲ್ಲಿ ತುಂಬಿದ ನೀರಿಗೆ ಕೋಡಿ ಇತ್ತು, ಕೋಡಿಯಿಂದ ಕೆಳಗೆ ವೇದಾವತಿಯ ದಾರಿ ಇತ್ತು. ಅಲ್ಲಿ ಕೆರೆಯಿಂದ ಕೆರೆಗೆ ಹೋಗೋ ರಾಜಕಾಲುವೆಯ ಮೇಲೆ ಮನೆ, ಗೋಡೆ, ರಸ್ತೆ ಎದ್ದಿದ್ದವು. ಆಮೇಲೆ ಜೆಸಿಬಿ ಬಂತು, ಒಂದಷ್ಟು ಒಡೆದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಚಿತ್ರದುರ್ಗದವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆ ಅಂದ ಮೇಲೆ ನೆನಪಾಯಿತು. ಚಿಕ್ಕವನಿದ್ದಾಗ ನಿನ್ನ ಕೈ ಹಿಡಿದು ದುರ್ಗದ ಕೋಟೆ ಹತ್ತಿಸಿದ್ದೆ. ಓಬವ್ವನ ಕಿಂಡಿ ನೋಡಬೇಕು ಅಂತ ಎಳೆದಾಡುತ್ತಿದ್ದೆ, ಹೊಂಡ ತೋರಿಸಿದರೆ ಕಣ್ಣೆತ್ತಲಿಲ್ಲ. ಮುಂದಿನ ಸಲ ನೋಡು. ಬರೀ ಬಂಡೆಯ ಮೇಲೆ ಕೂತವರು ನೀರಿಗೆ ಏನು ಮಾಡಿದರು ಅಂತ ಗೊತ್ತಾಗುತ್ತೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ, ಹಾಗೇ ಇಳಿಯುತ್ತಾ ಇಳಿಯುತ್ತಾ ಊರೊಳಗಿನ ಸಂತೆ ಹೊಂಡ. ಮೇಲಿನವರು ಬಳಸಿ ಮಿಕ್ಕಿದ್ದು ಕೆಳಗಿನವರಿಗೆ.

ಬೆಂಗಳೂರೂ ಹಾಗೇ ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಪಡುವಲ ಕಡೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಮೂಡಲ ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಊರಿಗೊಂದು ದೊಡ್ಡ ಹೊಳೆ ಇಲ್ಲದ್ದಕ್ಕೇ ಹಿರಿಯರು ಕೆರೆಗೆ ಕೆರೆ ಪೋಣಿಸಿದ್ದರು. ಈಗ ಕಾವೇರಿಯನ್ನ 100 ಕಿಲೋಮೀಟರು ದೂರದಿಂದ ಮೂರು ಕಡೆ ಪಂಪು ಮಾಡಿ ಮೇಲಕ್ಕೆ ಎತ್ತುತ್ತಾರೆ. ಎತ್ತಿದ ನೀರು ಬಚ್ಚಲು ಸೇರಿ, ಬಚ್ಚಲು ಕೆರೆ ಸೇರಿ, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಕೆರೆ ಹೊತ್ತಿ ಉರೀತಿದೆ ಅಂತ ಟೀವಿಯಲ್ಲಿ ಕೇಳಿದಾಗ ನಿನ್ನ ಅಜ್ಜಿ ನಂಬಲೇ ಇಲ್ಲ, ಕೆರೆ ಪಕ್ಕದ ಹುಲ್ಲಿನ ಬಣವೆ ಇರಬೇಕು ಅಂದಳು. ಅಲ್ಲಿ ಏಳೋ ನೊರೆಯಲ್ಲಿ ನಿನ್ನ ಬಟ್ಟೆಯ ಸೋಪಿನ ಪುಡಿಯೂ ಇದೆ. ಅರ್ಧ ಚಮಚ ಸಾಕಾಗೋ ಕಡೆ ಎರಡು ಚಮಚ ಸುರಿಯೋ ಅಭ್ಯಾಸ ನಿನ್ನದು, ರಜೆಗೆ ಬಂದಾಗ ನೋಡಿದ್ದೇನೆ.

ಕೆರೆ ಉದ್ಧಾರ ಮಾಡುತ್ತೇವೆ ಅಂತ ಹೊರಟವರೂ ಅವಸರ ಮಾಡುತ್ತಾರೆ. ಹೋದ ವರ್ಷ ನಿನ್ನ ಮನೆಗೆ ಬಂದಾಗ ಬೆಳಗ್ಗೆ ಒಂದು ಕೆರೆಗೆ ಕರಕೊಂಡು ಹೋದೆ. ಸುತ್ತಲೂ ಎತ್ತರದ ಏರಿ, ಏರಿಯ ಮೇಲೆ ಬಣ್ಣದ ಕಲ್ಲಿನ ದಾರಿ, ಸ್ಟೀಲಿನ ಕಟಕಟೆ, ದೀಪದ ಕಂಬ. "ಹೆಂಗಿದೆ ಅಜ್ಜಾ?" ಅಂದೆ. ಚೆನ್ನಾಗಿದೆ ಅಂದೆ, ನಿನ್ನ ಉತ್ಸಾಹ ಕೆಡಿಸಬಾರದು ಅಂತ. ಒಳಗೊಳಗೇ ಹುಡುಕುತ್ತಿದ್ದೆ: ಇದಕ್ಕೆ ನೀರು ಬರೋದು ಯಾವ ಕಡೆಯಿಂದ? ಕೆರೆಗೆ ಏರಿ ಇರೋದು ಒಂದೇ ಕಡೆ ಕಣೋ. ಉಳಿದ ಕಡೆ ನೆಲ ತಾನಾಗಿ ಇಳಿಜಾರಾಗಿ ನೀರಿಗೆ ಜಾರಬೇಕು. ಆ ಇಳಿಜಾರಿನಲ್ಲೇ ಮೊಣಕಾಲುದ್ದ ನೀರು ನಿಲ್ಲೋದು, ಜೊಂಡು ಬೆಳೆಯೋದು, ಕೊಕ್ಕರೆ ಕಾಲೂರೋದು, ದನ ನೀರು ಕುಡಿಯೋದು. ಸುತ್ತ ಏರಿ ಕಟ್ಟಿ ನಡುವೆ ಆಳ ತೋಡಿದರೆ ಅದು ಬೋಗುಣಿ. ಬೋಗುಣಿಯಲ್ಲಿ ಕಾಲೂರೋಕೆ ಹಕ್ಕಿಗೆ ಜಾಗ ಎಲ್ಲಿ?

ಹೂಳೆತ್ತೋದರಲ್ಲೂ ಹದ ಬೇಕು. ನಮ್ಮ ಕಡೆಯ ಒಂದು ಕೆರೆಯಲ್ಲಿ ಒಂದು ಬೇಸಿಗೆ ಹೂಳೆತ್ತಿದರು. ಮೇಲಿನ ಗೋಡು ನಮ್ಮ ಹೊಲಗಳಿಗೆ ಹೋಯಿತು, ಒಳ್ಳೆಯದೇ ಆಯಿತು. ಗುತ್ತಿಗೆ ಹಿಡಿದವನಿಗೆ ಅಷ್ಟು ಸಾಲಲಿಲ್ಲ. ತಳದ ಜಿಗುಟು ಎರೆಯನ್ನೂ ಬಗೆದು ಗಾಡಿಗೆ ತುಂಬಿದ. ಮುಂದಿನ ಮಳೆಗೆ ಕೆರೆ ತುಂಬಿತು, ಸಂಕ್ರಾಂತಿ ಹೊತ್ತಿಗೆ ತಳ ಕಂಡಿತು. ನೂರಾರು ವರ್ಷ ಕೂತು ಗಟ್ಟಿಯಾದ ಪದರ, ಎರಡು ವಾರದಲ್ಲಿ ಹೋಯಿತು. ಆ ಬೇಸಿಗೆ ದನಗಳಿಗೆ ನೀರಿಲ್ಲದೆ ನಾವು ಪಟ್ಟ ಪಾಡು ನಿನ್ನ ಅಪ್ಪನನ್ನ ಕೇಳು.

ಹಾಗಂತ ಎಲ್ಲ ಕಡೆ ಕೆಟ್ಟಿದೆ ಅಂತ ನಾನು ಹೇಳೋದಿಲ್ಲ. ಜಕ್ಕೂರು ಕೆರೆ ನೋಡಿದ್ದೀಯಾ? 160 ಎಕರೆ. ಬಡಾವಣೆಗಳ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತೆ, ಅಲ್ಲಿಂದ ಜೊಂಡು, ಆಪು ಬೆಳೆದ ಜೌಗಿನೊಳಗೆ ಹಾದು, ಉಳಿದ ಕಸರನ್ನ ಬೇರುಗಳಿಗೆ ಬಿಟ್ಟು ಆಮೇಲೆ ಕೆರೆಗೆ ಇಳಿಯುತ್ತೆ. ನಾನು ಹೋದ ದಿನ ಮೀನು ಹಿಡಿಯೋರು ಬಲೆ ಕೊಡವುತ್ತಿದ್ದರು, ಹೆಜ್ಜಾರ್ಲೆ ಸಾಲಾಗಿ ಕೂತು ಕಾಯುತ್ತಿದ್ದವು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಬರೀ 13 ಎಕರೆ. ಅಕ್ಕಪಕ್ಕದ ಮನೆಯವರೇ ಸೇರಿ ಟ್ರಸ್ಟು ಮಾಡಿಕೊಂಡು 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳೋಕೆ ನಿಂತರು. ಒಂದು ಭಾನುವಾರದ ಕೆಲಸ ಅಲ್ಲ ಅದು. ಕಸ ಆರಿಸೋದು, ಅಂತರಗಂಗೆ ಕೀಳೋದು, ಯಾರೋ ರಾತ್ರಿ ಸುರಿದ ಕಟ್ಟಡದ ಮಣ್ಣು ಎತ್ತಿಸೋದು, ಕಚೇರಿಗೆ ಅಲೆಯೋದು, ವರ್ಷ ವರ್ಷವೂ ಅದೇ.

ನಮ್ಮಲ್ಲಿ ಆ ಕೆಲಸಕ್ಕೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ರಾತ್ರಿ ಮಳೆ ಜೋರಾದರೆ ಕಂಬಳಿ ಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಏರಿ ಮೇಲೆ ಓಡಾಡುತ್ತಿದ್ದ. ತೂಬಿನ ಹತ್ತಿರ ಕಿವಿ ಇಟ್ಟು ಕೇಳುತ್ತಿದ್ದ. ಏಡಿ ಕೊರೆದ ಬಿಲದಲ್ಲಿ ನೀರು ಜಿನುಗಿದರೂ ಅವನಿಗೆ ತಿಳಿಯುತ್ತಿತ್ತು. ಕಟ್ಟಿದವರ ಹೆಸರು ಕಲ್ಲಿನ ಮೇಲೆ ಇರುತ್ತೆ, ನೀರುಗಂಟಿಯ ಹೆಸರು ಎಲ್ಲೂ ಇರೋದಿಲ್ಲ. ನಿನ್ನಂಥ ಓದಿದ ಹುಡುಗರಿಗೆ ನಾನು ಆಸೆಪಡೋದು ಆ ಕೆಲಸ. ಐನೂರು ಗಿಡದ ಬದಲು ಒಂದು ಕಾಲುವೆಯ ಬಾಯಿ ನಿನ್ನದು ಅಂದುಕೊ. ಮಳೆಗಾಲಕ್ಕೆ ಮುಂಚೆ ಅಲ್ಲಿ ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದೆಯಾ ನೋಡು. ಇದ್ದರೆ ಸಂಬಂಧಪಟ್ಟವರಿಗೆ ಬರೆ, ಆಗೋ ತನಕ ಬಿಡಬೇಡ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ. ನಿನ್ನ ರಸ್ತೆ ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಕೊ.

ಇನ್ನೊಂದು ಮಾತು. ಖಾಲಿ ಜಾಗ ಕಂಡ ಕಡೆಯೆಲ್ಲ ಗಿಡ ನೆಡೋ ಹುಚ್ಚು ಬಿಡು. ಬಯಲುಸೀಮೆಯ ಹುಡುಗ ನೀನು, ಕಾವಲು ಅಂದರೆ ಏನು ಅಂತ ನಿನಗೆ ಗೊತ್ತಿರಬೇಕು. ಚಳ್ಳಕೆರೆ ಕಡೆಯ ಅಮೃತ್ ಮಹಲ್ ಕಾವಲುಗಳನ್ನ ಬೀಳುಭೂಮಿ ಅಂತ ಎಣಿಸಿದ್ದರಿಂದಲೇ ಸಾವಿರಾರು ಎಕರೆ ಬೇಲಿಯೊಳಗೆ ಹೋಯಿತು. ಅಲ್ಲಿ ದನ ಮೇಯಿಸುತ್ತಿದ್ದವರಿಗೆ ಅದು ಬೀಳಾಗಿರಲಿಲ್ಲ. ಕೌಜುಗಕ್ಕೆ, ನರಿಗೆ, ಟಿಟ್ಟಿಭಕ್ಕೆ ಹುಲ್ಲೇ ಕಾಡು. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನ ಉಳಿಸೋಕೆ ಹಕ್ಕಿ ನೋಡೋ ಜನ ವರ್ಷಗಟ್ಟಲೆ ಗುದ್ದಾಡಿದರು. ಅದು ಸಂರಕ್ಷಣಾ ಮೀಸಲು ಆಗಲಿ ಅಂತ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಅಲ್ಲಿ ಹೋಗಿ ಯಾರಾದರೂ ಗುಂಡಿ ತೋಡಿದರೆ ಕೈ ಹಿಡಿದು ನಿಲ್ಲಿಸು.

ಫ್ಲ್ಯಾಟು ನೋಡುತ್ತಿದ್ದೀಯಂತೆ, ಕೆರೆ ಕಾಣೋ ಬಾಲ್ಕನಿ ಬೇಕಂತೆ. ನಿನ್ನಮ್ಮ ಹೇಳಿದಳು. ಸಾಲ ಮಾಡೋ ಮುಂಚೆ ಒಂದು ಗಂಟೆ ನನಗೆ ಕೊಡು. ಬಣ್ಣದ ಪುಸ್ತಕ ಆಚೆ ಇಡು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪು ನಿನ್ನ ಮೊಬೈಲಲ್ಲೇ ಇಳಿಯುತ್ತೆ. ಆ ಜಾಗದಲ್ಲಿ ನಿಂತು ತೆಗೆದರೆ ಸರ್ವೆ ನಂಬರು ತೋರಿಸುತ್ತೆ. ಹಳೇ ಗ್ರಾಮ ನಕ್ಷೆ ತೆಗೆಸು. ನಕ್ಷೆಯಲ್ಲಿ ಹಳ್ಳ, ಕಾಲುವೆ, ಗುಂಡುತೋಪು ಎಲ್ಲ ಗೆರೆ ಹಾಕಿ ಇಟ್ಟಿದ್ದಾರೆ. ಪಹಣಿಯಲ್ಲಿ ಖರಾಬು ಕಾಲಮ್ಮು ನೋಡು. "ಬಿ ಖರಾಬು" ಅಂದರೆ ಊರಿನ ಸ್ವತ್ತು: ದಾರಿ, ಹಳ್ಳ, ಕೆರೆ, ಸ್ಮಶಾನ. ಅದರ ಮೇಲೆ ಎದ್ದ ಮನೆ ಎಷ್ಟು ಚಂದ ಇದ್ದರೂ ಬೇಡ. ಕೆರೆ ನೋಡೋ ಆಸೆಗೆ ಕೆರೆಯನ್ನೇ ತುಳಿದುಕೊಂಡು ಕೂರೋ ಮನೆ ನಮ್ಮ ವಂಶಕ್ಕೆ ಬೇಡ.

ಮನೆ ತಗೊಂಡ ಮೇಲೆ ಮಾಳಿಗೆ ಮೇಲೆ ಕಣ್ಣಿಡು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ. ನಮ್ಮ ಕಡೆ ಅದರ ಮೂರರಲ್ಲಿ ಎರಡು ಪಾಲು ಬಿದ್ದರೆ ಒಳ್ಳೆ ವರ್ಷ ಅನ್ನುತ್ತೇವೆ. 30×40 ಅಡಿಯ ಒಂದು ಸೈಟಿನಷ್ಟು ಜಾಗದ ಮೇಲೆ ಬೀಳೋ ನೀರು ವರ್ಷಕ್ಕೆ 1 ಲಕ್ಷ ಲೀಟರು ಮೀರುತ್ತೆ. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹದಿನೇಳು ಹದಿನೆಂಟು ಟ್ಯಾಂಕರು, ಬಾಗಿಲಿಗೇ ಬಂದು ಚರಂಡಿಗೆ ಹೋಗುತ್ತೆ. ಮಳೆಕೊಯ್ಲು ಮಾಡಲೇಬೇಕು ಅಂತ 2009ರಲ್ಲೇ ಕಾನೂನು ಬಂತು, ಎಷ್ಟೋ ಮನೆಗಳಲ್ಲಿ ಪೈಪು ಬರೀ ತೋರಿಕೆಗೆ ಇಳಿದಿದೆ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದಾಗ ನೀನೇ ಫೋನು ಮಾಡಿ "ಅಜ್ಜಾ, ಎರಡು ದಿನ ಸ್ನಾನ ಇಲ್ಲ" ಅಂದಿದ್ದೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿ ತೋಡಿಸು. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯವರು ಮಳೆಕೊಯ್ಲಿನ ಪಾರ್ಕನ್ನೇ ಮಾಡಿಟ್ಟಿದ್ದಾರೆ, ಹೋಗಿ ನೋಡು. ತೋಡೋ ಕೈಗಳಿಗೆ ಬರ ಇಲ್ಲ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮತ್ತೆ ಜೀವ ಕೊಟ್ಟವರು ತಲೆತಲಾಂತರದಿಂದ ಬಾವಿ ತೋಡೋ ಭೋವಿ ಸಮುದಾಯದವರು. ಅವರ ಗುರುಪೀಠ ಇರೋದು ನಮ್ಮ ದುರ್ಗದಲ್ಲಿ. ಅವರು ಮಣ್ಣು ಕೈಯಲ್ಲಿ ಹಿಡಿದು ನೀರು ಎಲ್ಲಿ ಇಂಗುತ್ತೆ ಅಂತ ಹೇಳಬಲ್ಲರು. ಕೂಲಿ ಕೊಡುವಾಗ ಚೌಕಾಸಿ ಮಾಡಬೇಡ. ಹತ್ತಿರ ಕೂತು ಕೇಳು, ನಿನ್ನ ಕಾಲೇಜಿನಲ್ಲಿ ಅದನ್ನ ಹೇಳಿಕೊಟ್ಟಿರೋದಿಲ್ಲ.

ಜಗಳ ಆಡಬೇಕಾದಾಗ ಆಡು. 2016ರ ಅಕ್ಟೋಬರಿನಲ್ಲಿ ಹೆಬ್ಬಾಳದ ಸ್ಟೀಲ್ ಬ್ರಿಡ್ಜಿಗೆ 812 ಮರ ಕಡಿಯುತ್ತಾರೆ ಅಂದಾಗ ಜನ ಬೀದಿಗೆ ಬಂದು ಕೈ ಕೈ ಹಿಡಿದು ನಿಂತರು. ಮರುವರ್ಷ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಂಥ ದಿನ ನೀನೂ ಹೋಗು, ನಾನು ಬೇಡ ಅನ್ನೋದಿಲ್ಲ. ಆದರೆ ಕೂಗು ಹಾಕಿ ಬಂದ ಮೇಲೆ ಮರುದಿನವೂ ಮರದ ಹತ್ತಿರ ಹೋಗು. ನಿನ್ನ ಸಿಟ್ಟು ಸೋಡಾ ಬಾಟಲಿ ಥರ, ಬುಸ್ ಅಂತ ಉಕ್ಕಿ ಇಳಿದುಬಿಡುತ್ತೆ. ಹುಡುಗನಿದ್ದಾಗಲೂ ಹಾಗೇ ಇದ್ದೆ, ಗಾಳಿಪಟ ಅರ್ಧ ಕಟ್ಟಿ ಎಸೆದು ಹೋಗುತ್ತಿದ್ದೆ, ಬಾಲ ನಾನು ಅಂಟಿಸುತ್ತಿದ್ದೆ. ನಿನ್ನಲ್ಲಿ ಪ್ರೀತಿಗೆ ಕೊರತೆ ಇಲ್ಲ, ಬುದ್ಧಿಗೂ ಇಲ್ಲ. ಕೂತು ಕಾಯೋದೊಂದು ಕಲಿತರೆ ಸಾಕು.

ಈಗ ನಿನಗೊಂದು ಕೆಲಸ ಹೇಳುತ್ತೇನೆ, ಖರ್ಚಿಲ್ಲದ್ದು. ಈ ಸಲ ಮೊದಲ ದೊಡ್ಡ ಮಳೆ ಬಂದ ದಿನ ಕಿಟಕಿ ಹತ್ತಿರ ಕಾಫಿ ಹಿಡಿದು ಕೂರಬೇಡ. ಸಿಡಿಲು ಗುಡುಗು ನಿಂತ ಮೇಲೆ ಕೊಡೆ ಹಿಡಿದು ಕೆಳಗೆ ಇಳಿ. ನಿನ್ನ ಗೇಟಿನಿಂದ ಹೊರಟ ನೀರು ಎಲ್ಲಿಗೆ ಹೋಗುತ್ತೆ ನೋಡುತ್ತಾ ಅದರ ಹಿಂದೆ ನಡಿ. ಯಾವ ಮೂಲೆಯಲ್ಲಿ ತಿರುಗಿತು, ಯಾವ ಚರಂಡಿಗೆ ಇಳಿಯಿತು, ಯಾವ ಗೋಡೆಗೆ ತಾಕಿ ಹಿಂದಕ್ಕೆ ಬಂತು, ಎಲ್ಲ ಗುರುತು ಮಾಡಿಕೊ. ತೆರೆದ ಮ್ಯಾನ್‌ಹೋಲು ಇರುತ್ತೆ, ನೋಡಿಕೊಂಡು ಹೆಜ್ಜೆ ಇಡು. ಕೆರೆಯ ತನಕ ಹೋಗೋಕಾದರೆ ಹೋಗು, ಆಗದಿದ್ದರೆ ಎಲ್ಲಿ ದಾರಿ ತಪ್ಪಿತು ಅಂತ ಬರೆದುಕೊ. ನನ್ನ ಹತ್ತಿರ ಮಳೆ ಪುಸ್ತಕ ಇದೆಯಲ್ಲ, ಭರಣಿಯಿಂದ ಸ್ವಾತಿ ತನಕ ಯಾವ ಮಳೆ ಯಾವ ದಿನ ಬಂತು ಅಂತ ಬರೆಯೋದು, ಅದರಲ್ಲಿ ಈ ಸಲ ನಿನಗೊಂದು ಹಾಳೆ ಬಿಟ್ಟಿದ್ದೇನೆ. ಮನೆಗೆ ಬಂದು ತಲೆ ಒರೆಸಿಕೊಂಡು ಫೋನು ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.